ಭೂವಿಜ್ಞಾನ ಪದವಿ: ಕಾಲೇಜು ಆರಿಸುವ ಮುನ್ನ ಕನ್ನಡ ಕುಟುಂಬಗಳು ತಿಳಿದಿರಬೇಕಾದುದು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲದ ಪ್ರಶ್ನೆ ದಿನನಿತ್ಯದ ಪ್ರಶ್ನೆ. ಗಟ್ಟಿ ಶಿಲೆಯ ಈ ಸೀಮೆಯಲ್ಲಿ ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಬಣ್ಣದ ಕಾರ್ಖಾನೆಗಳ ತ್ಯಾಜ್ಯದಿಂದ ನೊಯ್ಯಲ್ ನದಿ ಕೆಟ್ಟು, 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು. ಕಾಂಗೇಯಂ ಸಮೀಪದ ಶಿವನ್‌ಮಲೈ ಬೆಟ್ಟದ ಅಪರೂಪದ ನೆಫೆಲಿನ್ ಸಯನೈಟ್ ಶಿಲೆಯನ್ನು ಟಿ.ಎಚ್. ಹಾಲೆಂಡ್ 1901ರಷ್ಟು ಹಿಂದೆಯೇ ವಿವರಿಸಿದ್ದಾರೆ. ಪಡಿಯೂರಿನಲ್ಲಿ 19ನೆಯ ಶತಮಾನದ ಆರಂಭದಲ್ಲಿಯೇ ಬೆರಿಲ್ ರತ್ನಕ್ಕಾಗಿ ಗಣಿ ತೋಡಲಾಗಿತ್ತು. ಇಂತಹ ನೆಲದಲ್ಲಿ ಬೆಳೆದ ಮಕ್ಕಳು ಭೂವಿಜ್ಞಾನ ಓದಬಯಸುವುದು ಸಹಜ. ಆದರೆ ಕಾಲೇಜಿನ ಆಯ್ಕೆಯಲ್ಲಿ ತಪ್ಪಿದರೆ ಮೂರು ವರ್ಷಗಳ ಶ್ರಮ ಅರ್ಧಕ್ಕೇ ನಿಲ್ಲಬಹುದು.

ಐದು ವರ್ಷಗಳ ಲೆಕ್ಕ

ಬಿ.ಎಸ್ಸಿ. ಒಂದರಿಂದಲೇ ಭೂವಿಜ್ಞಾನಿಯ ಹುದ್ದೆ ದೊರೆಯುವುದು ವಿರಳವೆಂಬುದನ್ನು ನಾವು ಮೊದಲಿಗೇ ಹೇಳಬಯಸುತ್ತೇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಅದೂ ಭೂವಿಜ್ಞಾನ, ಅನ್ವಯಿಕ ಭೂವಿಜ್ಞಾನ, ಸಾಗರ ಭೂವಿಜ್ಞಾನ ಮೊದಲಾದ ನಿಗದಿತ ವಿಷಯಗಳಲ್ಲಿ ಇರಬೇಕು. ಆದ್ದರಿಂದ ಪ್ರಮಾಣಪತ್ರದಲ್ಲಿ ಪದವಿಯ ಹೆಸರು ಏನೆಂದು ಮುದ್ರಿತವಾಗುತ್ತದೆ ಎಂದು ಕೇಳುವುದು ಅತಿರೇಕವಲ್ಲ. ಭೂಗೋಳಶಾಸ್ತ್ರ ಬೇರೆ, ಭೂವಿಜ್ಞಾನ ಬೇರೆ. ಹೆಸರಿನ ಸಾಮ್ಯದಿಂದ ಒಂದಕ್ಕೆ ಬದಲಾಗಿ ಇನ್ನೊಂದಕ್ಕೆ ಸೇರಿಬಿಡುವ ಅಪಾಯವಿದೆ.

ಸಿದ್ಧತೆ ಹತ್ತನೆಯ ತರಗತಿಯ ಫಲಿತಾಂಶದ ದಿನವೇ ಆರಂಭವಾಗಬೇಕು. ಹನ್ನೊಂದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿರುವ ವಿಜ್ಞಾನ ಗುಂಪನ್ನು ಹಿಡಿಯಬೇಕು. ಜೊತೆಗೆ ಗಣಿತವಿದ್ದರೆ ಮುಂದೆ ಭೂಭೌತಶಾಸ್ತ್ರದ ಬಾಗಿಲೂ ತೆರೆದಿರುತ್ತದೆ.

ಎಲ್ಲೆಲ್ಲಿ ಓದಬಹುದು

*ತಮಿಳುನಾಡು:* ನಮ್ಮ ಜಿಲ್ಲೆಗಳಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದಲ್ಲಿರುವುದು ಸೇಲಂ. ಅಲ್ಲಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದೆ. ಮುಂದಿನ ಓದಿಗೆ ಅದೇ ಊರಿನಲ್ಲಿ ಪೆರಿಯಾರ್ ವಿಶ್ವವಿದ್ಯಾಲಯವಿದೆ. ಸೇಲಂನ ಮ್ಯಾಗ್ನಸೈಟ್ ಗಣಿಗಳೂ ಕಂಜಮಲೈಯ ಕಬ್ಬಿಣದ ಶಿಲೆಗಳೂ ವಿದ್ಯಾರ್ಥಿಗೆ ತೆರೆದ ಪಾಠಶಾಲೆಯಂತಿವೆ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜು, ತಿರುಚಿರಾಪಳ್ಳಿಯ ನ್ಯಾಷನಲ್ ಕಾಲೇಜು, ತೂತುಕುಡಿಯ ವಿ.ಒ. ಚಿದಂಬರಂ ಕಾಲೇಜು, ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾಲಯಗಳಲ್ಲಿಯೂ ಈ ವಿಷಯವಿದೆ.

*ಕೇರಳ:* ಕಾಸರಗೋಡಿನ ಸರ್ಕಾರಿ ಕಾಲೇಜು ಕನ್ನಡ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಸ್ಥೆ. ಭೂವಿಜ್ಞಾನದ ಜೊತೆಗೆ ಕನ್ನಡ ವಿಭಾಗವೂ ಅಲ್ಲಿದೆ. ಅದೇ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಭೂವಿಜ್ಞಾನ ಓದಬಹುದು. ಪಾಲಕ್ಕಾಡ್ ಕಣಿವೆ ದಾಟಿದರೆ ಸಿಗುವ ಇರಿಂಜಾಲಕುಡದ ಕ್ರೈಸ್ಟ್ ಕಾಲೇಜಿನಲ್ಲೂ ಭೂವಿಜ್ಞಾನ ಉಂಟು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಜಾರಿಯಲ್ಲಿದೆ.

*ಕರ್ನಾಟಕ:* ಮೈಸೂರಿನ ಯುವರಾಜ ಕಾಲೇಜಿನಲ್ಲಿ ಪದವಿ, ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಎಂಬ ದಾರಿ ನೇರವಾದುದು. ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಸಾಗರ ಭೂವಿಜ್ಞಾನಕ್ಕೆ ಮಂಗಳೂರು ವಿಶ್ವವಿದ್ಯಾಲಯ ಮುಂದಿನ ಹಂತದ ಆಯ್ಕೆಗಳು.

ಗಡಿ ದಾಟುವ ಮುನ್ನ

ಹೊರರಾಜ್ಯದಲ್ಲಿ ಓದುವುದರಲ್ಲಿ ಲಾಭದಂತೆ ನಷ್ಟವೂ ಇದೆ. ತಮಿಳುನಾಡಿನ ಹಿಂದುಳಿದ ವರ್ಗಗಳ ಪ್ರಮಾಣಪತ್ರವು ಕರ್ನಾಟಕ ಅಥವಾ ಕೇರಳದ ರಾಜ್ಯ ಕಾಲೇಜುಗಳ ಮೀಸಲಾತಿಗೆ ಸಲ್ಲುವುದಿಲ್ಲ. ಅಲ್ಲಿ ನಮ್ಮ ಮಕ್ಕಳು ಸಾಮಾನ್ಯ ವರ್ಗದಲ್ಲಿಯೇ ಸ್ಪರ್ಧಿಸಬೇಕಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಕೇಂದ್ರ ಪಟ್ಟಿಯ ಒಬಿಸಿ ಪ್ರಮಾಣಪತ್ರ ನಡೆಯುತ್ತದೆ. ಅದನ್ನು ಪ್ರತ್ಯೇಕವಾಗಿ ಪಡೆದಿಟ್ಟುಕೊಳ್ಳಬೇಕು. ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದ ಹೆಣ್ಣುಮಕ್ಕಳಿಗೆ ತಮಿಳುನಾಡು ಸರ್ಕಾರ 2022ರಿಂದ ತಿಂಗಳಿಗೆ 1,000 ರೂಪಾಯಿ ನೀಡುವ ‘ಪುದುಮೈ ಪೆಣ್’ ಯೋಜನೆಯ ನೆರವು ಹೊರರಾಜ್ಯಕ್ಕೆ ಹೋದರೆ ಉಳಿಯುವುದೇ ಎಂದು ಶಾಲೆಯಲ್ಲಿ ವಿಚಾರಿಸಿಯೇ ತೀರ್ಮಾನಿಸಬೇಕು.

ಭಾಷೆಯ ವಿಚಾರ

ತಮಿಳುನಾಡು ಸರ್ಕಾರದ ನೇಮಕಾತಿಯಲ್ಲಿ ತಮಿಳು ಮಾಧ್ಯಮದವರಿಗಿರುವ ಶೇ. 20ರ ಆದ್ಯತೆ ಕನ್ನಡ ಮಾಧ್ಯಮದ ಮಕ್ಕಳಿಗೆ ದೊರೆಯುವುದಿಲ್ಲ. ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆಯನ್ನೂ ದಾಟಬೇಕು. ರಾಜ್ಯದ ಸಹಾಯಕ ಭೂವಿಜ್ಞಾನಿ ಹುದ್ದೆಯ ಮೇಲೆ ಕಣ್ಣಿಟ್ಟವರು ತಮಿಳು ಬರವಣಿಗೆಯನ್ನು ಬಿಡಬಾರದು. ಕೇಂದ್ರದ ಭೂವಿಜ್ಞಾನಿ ಪರೀಕ್ಷೆಗೆ ಉತ್ತರಿಸುವುದು ಇಂಗ್ಲಿಷಿನಲ್ಲಿ. ಅಲ್ಲಿ ತಮಿಳು ಮಾಧ್ಯಮದವರೂ ಕನ್ನಡ ಮಾಧ್ಯಮದವರೂ ಸಮಾನರು. ಕನ್ನಡದಲ್ಲಿ ಕಲಿತ ಮಗುವಿಗೆ ಮೊದಲ ವರ್ಷ ಕಷ್ಟವೆನಿಸುವುದು ಪರಿಭಾಷೆ, ವಿಷಯವಲ್ಲ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಶಾಲೆಯಲ್ಲಿ ಅರಿತದ್ದು ವ್ಯರ್ಥವಾಗುವುದಿಲ್ಲ. ಅದೇ ವಿಷಯಕ್ಕೆ ಇನ್ನೊಂದು ಹೆಸರನ್ನು ಕಲಿತರಾಯಿತು.

ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

1. ಭೂವಿಜ್ಞಾನವು ಮುಖ್ಯ ವಿಷಯವೋ, ಪೂರಕ ವಿಷಯವೋ?
2. ವರ್ಷಕ್ಕೆ ಎಷ್ಟು ದಿನ ಕ್ಷೇತ್ರಾಧ್ಯಯನ? ಅದರ ವೆಚ್ಚ ಯಾರದು? ಶಿಲೆಯನ್ನು ಅದರ ನೆಲೆಯಲ್ಲಿ ನೋಡದೆ ಈ ವಿದ್ಯೆ ಕೈಗೂಡದು.
3. ಶಿಲೆಯ ತೆಳು ಛೇದಗಳನ್ನು ಪರೀಕ್ಷಿಸುವ ಸೂಕ್ಷ್ಮದರ್ಶಕಗಳು ಎಷ್ಟು ಇವೆ? ಎಷ್ಟು ಮಂದಿಗೆ ಒಂದು?
4. ಖಾಯಂ ಅಧ್ಯಾಪಕರು ಎಷ್ಟು ಮಂದಿ?
5. ಕಳೆದ ವರ್ಷಗಳಲ್ಲಿ ಎಷ್ಟು ಮಂದಿ ಎಂ.ಎಸ್ಸಿ.ಗೆ ಸೇರಿದರು? ಐ.ಐ.ಟಿ.ಗಳ ಎಂ.ಎಸ್ಸಿ. ಪ್ರವೇಶಕ್ಕಾಗಿ ನಡೆಯುವ ಜಾಮ್ ಪರೀಕ್ಷೆಗೆ ತರಬೇತಿ ಇದೆಯೇ?
6. ಭಾಷಾ ವಿಷಯವಾಗಿ ಕನ್ನಡ ದೊರೆಯುವುದೇ?
7. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಲಯವಿದೆಯೇ?

ಈ ಪ್ರಶ್ನೆಗಳಿಗೆ ಕಚೇರಿಯಲ್ಲಿ ದೊರೆಯುವ ಉತ್ತರಕ್ಕಿಂತ ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ದೊರೆಯುವ ಉತ್ತರ ಹೆಚ್ಚು ನಂಬಲರ್ಹ. ಮಗುವನ್ನು ಜೊತೆಗೆ ಕರೆದೊಯ್ದು ಪ್ರಯೋಗಾಲಯವನ್ನು ಒಮ್ಮೆ ನೋಡಿ ಬರಬೇಕೆಂಬುದು ನಮ್ಮ ಸಲಹೆ.

ಸಂಕ್ಷೇಪವಾಗಿ ಹೇಳುವುದಾದರೆ, ತಮಿಳು ಚೆನ್ನಾಗಿ ಬಲ್ಲ, ರಾಜ್ಯದ ನೆರವು ಬೇಕಾದ ಮಕ್ಕಳಿಗೆ ಸೇಲಂ ಮೊದಲ ಆಯ್ಕೆ. ಕನ್ನಡದ ವಾತಾವರಣ ಬಯಸುವವರಿಗೆ ಕಾಸರಗೋಡು ಅಥವಾ ಮೈಸೂರು ತಕ್ಕುದು. ಯಾವುದನ್ನು ಆರಿಸಿದರೂ ಬಿ.ಎಸ್ಸಿ.ಯ ಮುಂದಿನ ಎರಡು ವರ್ಷಗಳನ್ನು ಇಂದೇ ಲೆಕ್ಕಕ್ಕೆ ಹಿಡಿದಿರಬೇಕು.