ಊರ ಆರೋಗ್ಯ ಕಾರ್ಯಕರ್ತೆ: ಜಾಮಖೇಡದಿಂದ ಗಡಿನಾಡಿನವರೆಗೆ

ಹಳ್ಳಿಯವಳೇ ಆದ ಒಬ್ಬ ಹೆಂಗಸಿಗೆ ತರಬೇತಿ ಕೊಟ್ಟು ಊರಿನ ಆರೋಗ್ಯವನ್ನು ಅವಳ ಕೈಗೆ ಒಪ್ಪಿಸುವ ಪದ್ಧತಿ. ಮಹಾರಾಷ್ಟ್ರ-ಕರ್ನಾಟಕ ಗಡಿಯ ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಹಳ್ಳಿಗಳಲ್ಲಿ, ಮನೆಮಾತು ಕನ್ನಡ, ಕಚೇರಿಮಾತು ಮರಾಠಿ ಆಗಿರುವ ಕಾಸಾರಶಿರಸಿಯಂಥ ಊರುಗಳಲ್ಲಿ, ಇವಳಿಗೆ ಈಗ ‘ಆಶಾ’ ಎಂದು ಹೆಸರು. ಆಶಾ ಯೋಜನೆ ಜಾಮಖೇಡದ ಕೂಸು ಎಂದು ಹಲವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವಂಶಾವಳಿ ಅಷ್ಟು ನೇರವಾಗಿಲ್ಲ.

ರಜನೀಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ವೆಲ್ಲೂರಿನಲ್ಲಿ ವೈದ್ಯಕೀಯ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿದ ದಂಪತಿ. 1970ರಲ್ಲಿ ಅಹಮದನಗರ ಜಿಲ್ಲೆಯ ಜಾಮಖೇಡದಲ್ಲಿ ಕೆಲಸ ಆರಂಭಿಸಿದರು. ಮೊದಲು ನರ್ಸ್‌ಗಳನ್ನು ಹಳ್ಳಿಗೆ ಕಳಿಸಿದರು, ಅದು ನಡೆಯಲಿಲ್ಲ. ಹೊರಗಿನವರೇಕೆ, ಊರಿನ ಹೆಂಗಸರನ್ನೇ ತಯಾರು ಮಾಡಿ ಎಂದು ಸಲಹೆ ಕೊಟ್ಟವನು ಒಬ್ಬ ಸರಪಂಚ. ಹಾಗೆ ಬಂದವರಲ್ಲಿ ಬಹಳಷ್ಟು ಮಂದಿ ಅಕ್ಷರ ಬಾರದವರು, ಹಲವರು ದಲಿತರು. ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು ರಾತ್ರಿ ಅಲ್ಲೇ ತಂಗುತ್ತಿದ್ದರು. ಹೊದೆಯಲು ಎಲ್ಲರಿಗೂ ಸೇರಿ ಒಂದೇ ದೊಡ್ಡ ಕೌದಿ. ಮರಾಠರ ಮನೆಯವಳ ಪಕ್ಕದಲ್ಲಿ ಮಹಾರರ ಮನೆಯವಳು ಮಲಗಬೇಕಾಗಿತ್ತು. ಅತಿಸಾರಕ್ಕೆ ಉಪ್ಪು-ಸಕ್ಕರೆ ನೀರು ಕಲಿಸುವುದಕ್ಕಿಂತ ಇದು ಕಠಿಣ ಪಾಠ.

ನೀರಿನ ವಿಷಯದಲ್ಲೂ ಅದೇ ಉಪಾಯ: ಬೋರ್‌ವೆಲ್‌ಗೆ ಜಾಗ ಗುರುತಿಸಿದ್ದು ದಲಿತರ ಕೇರಿಗಳಲ್ಲಿ. ಕೊಡ ಹಿಡಿದು ಮೇಲ್ಜಾತಿಯವರೇ ಅಲ್ಲಿಗೆ ಬರಬೇಕಾಯಿತು.

ಈ ಕೆಲಸದ ಹಿಂದಿದ್ದ, ಕಾಯಿಲೆಯ ಬೇರು ಬಡತನದಲ್ಲಿದೆ ಎಂಬ ವಿಚಾರ ಹೊಸದಲ್ಲ. ದಕ್ಷಿಣ ಆಫ್ರಿಕದ ಫೊಲೇಲದಲ್ಲಿ ವೈದ್ಯ ದಂಪತಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ 1940ರಲ್ಲೇ ಝುಲು ಜನರ ನಡುವೆ ಹೀಗೆ ದುಡಿದಿದ್ದರು. ಅದನ್ನು ಕಣ್ಣಾರೆ ಕಂಡಿದ್ದ ಅಮೆರಿಕದ ವೈದ್ಯ ಜ್ಯಾಕ್ ಗೈಗರ್ 1960ರ ದಶಕದಲ್ಲಿ ಮಿಸಿಸಿಪ್ಪಿಯ ಕಪ್ಪು ಕೂಲಿ ಕುಟುಂಬಗಳ ಹಸಿದ ಮಕ್ಕಳಿಗೆ ಔಷಧದ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು.

ಜಾಮಖೇಡದ ಯಶಸ್ಸನ್ನು ಅಳೆಯುವಲ್ಲಿ ತೊಡಕಿದೆ. ಆರಂಭದಲ್ಲಿ ಶಿಶುಮರಣ ಸಾವಿರಕ್ಕೆ 176 ಇತ್ತು, ಆಮೇಲೆ ಬಹಳ ಇಳಿಯಿತು ಎನ್ನುವ ಲೆಕ್ಕ ಸಂಸ್ಥೆಯದೇ. ಅದೇ ಅವಧಿಯಲ್ಲಿ ಇಡೀ ದೇಶದಲ್ಲೂ ಶಿಶುಮರಣ ಇಳಿಯುತ್ತಿತ್ತು. ಹೋಲಿಕೆಗೆ ಬೇರೆ ಹಳ್ಳಿಗಳನ್ನು ಎದುರಿಟ್ಟು ನೋಡಿದ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದದ್ದು 2010ರಲ್ಲಿ. ಐದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯ ಜಾಮಖೇಡದ ಹಳ್ಳಿಗಳಲ್ಲಿ ಶೇ. 30ರಷ್ಟು ಕಡಿಮೆ ಎಂದು ಅದು ಹೇಳಿತು. ಆದರೆ ಹುಟ್ಟಿದ ಮೊದಲ ತಿಂಗಳು ದಾಟಿದ ಮೇಲೆ ಮಾತ್ರ. ಆ ಮೊದಲ ತಿಂಗಳಿಗೆ ದಾರಿ ತೋರಿಸಿದ್ದು ಗಡಚಿರೋಲಿಯ ವೈದ್ಯರಾದ ಅಭಯ ಮತ್ತು ರಾಣಿ ಬಂಗ್ ಅವರ, ನವಜಾತ ಶಿಶುವನ್ನು ಮನೆಯಲ್ಲೇ ಆರೈಕೆ ಮಾಡುವ ಪ್ರಯೋಗ (1999).

1977ರಲ್ಲಿ ಕೇಂದ್ರ ಸರ್ಕಾರವೂ ಸಾವಿರ ಜನರಿಗೊಬ್ಬ ಸಮುದಾಯ ಆರೋಗ್ಯ ಕಾರ್ಯಕರ್ತ ಎಂಬ ಯೋಜನೆ ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನ. ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು! ಬಾಣಂತಿಯ ಕೋಣೆಗೆ ಅವರಿಗೆ ಪ್ರವೇಶವೆಲ್ಲಿ? ಹೆಸರು ಎರಡು ಸಲ ಬದಲಾಗಿ ಯೋಜನೆ ಸೊರಗಿತು.

ಗಡಿನಾಡಿನ ಮಟ್ಟಿಗೆ ತಿರುವು 1993ರ ಸೆಪ್ಟೆಂಬರ್ 30. ನಸುಕಿನ ಕಿಲ್ಲಾರಿ ಭೂಕಂಪಕ್ಕೆ ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10,000 ಜನ ಬಲಿಯಾದರು. ಕಲ್ಲು-ಮಣ್ಣಿನ ದಪ್ಪ ಗೋಡೆಗಳೇ ನಿದ್ದೆಯಲ್ಲಿದ್ದವರ ಮೇಲೆ ಬಿದ್ದವು. ಆ ದುರಂತದ ಬಳಿಕ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಅಣದೂರಿನಲ್ಲಿ ಡಾ. ಶಶಿಕಾಂತ ಅಹಂಕಾರಿ ಮತ್ತು ಡಾ. ಶುಭಾಂಗಿ ಅಹಂಕಾರಿ ಅವರ ಹ್ಯಾಲೊ ಮೆಡಿಕಲ್ ಫೌಂಡೇಶನ್ ಈ ಸೀಮೆಯ ಹೆಂಗಸರಿಗೆ ತರಬೇತಿ ಕೊಟ್ಟು ‘ಭಾರತವೈದ್ಯ’ ಎಂದು ಕರೆಯಿತು. ಈ ಕೊಂಡಿ ಆಶಾ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

2005ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಬಂತು. ಅದಕ್ಕೆ ಹತ್ತಿರದ ಮಾದರಿ ಛತ್ತೀಸಗಢದ ಊರ ಆರೋಗ್ಯ ಕಾರ್ಯಕರ್ತೆಯರ ‘ಮಿತಾನಿನ್’ ಯೋಜನೆ. ಸರ್ಕಾರದ ನಿಯಮ ಆಶಾಗೆ 8ನೇ ತರಗತಿಯ ಓದು ಕೇಳಿತು. ಅರ್ಹರು ಸಿಗದ ಕಡೆ ಸಡಿಲಿಕೆಗೆ ಅವಕಾಶವಿತ್ತು. ಆ ಸಡಿಲಿಕೆ ಇಲ್ಲದಿದ್ದರೆ ಒಂದೇ ಕೌದಿಯಡಿ ಮಲಗಿ ಕಲಿತ ಜಾಮಖೇಡದ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಅರ್ಜಿ ಹಾಕಲೂ ಬರುತ್ತಿರಲಿಲ್ಲ.