ಪದ ಪರಿಚಯ: ಡ್ರಾ

ಸೆಳೆ ಎಂಬರ್ಥದ ‘ದ್ರಗನ್’ ಎಂಬ ಪ್ರಾಚೀನ ಆಂಗ್ಲ ಕ್ರಿಯಾಪದದಿಂದ ಹುಟ್ಟಿದ ಈ ಶಬ್ದವು, ಬೇಡದ ಇಸ್ಪೀಟು ಎಲೆಗಳನ್ನು ತ್ಯಜಿಸಿ ಕಟ್ಟಿನಿಂದ ಹೊಸವನ್ನು ಸೆಳೆದುಕೊಳ್ಳುತ್ತಿದ್ದ 19ನೆಯ ಶತಮಾನದ ಅಮೆರಿಕದ ಪೋಕರಿನಲ್ಲಿ ರೂಢವಾಗಿ, ಯಾರೂ ಎಲೆ ಬದಲಿಸದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿಯೂ, ಇನ್ನೂ ಕೂಡಿಬರದ, ಆದರೆ ಕೂಡಿಬರುವ ಸಂಭವವುಳ್ಳ ಕೈಗೆ ಹೆಸರಾಗಿ ಉಳಿದಿದೆ. ಕೈಯಲ್ಲಿ ಎರಡು, ಮೇಜಿನ ಮೇಲೆ ತೆರೆದಿಟ್ಟ ನಾಲ್ಕರಲ್ಲಿ ಎರಡು ಆಟಿನ್ ಎಲೆಗಳಿರಲು, ಅದು ಫ್ಲಷ್ (ಒಂದೇ ಜಾತಿಯ ಐದು ಎಲೆ) ಡ್ರಾ; ಕಾಣದ 46 ಎಲೆಗಳಲ್ಲಿ 9 ಅನುಕೂಲ, 37 ಪ್ರತಿಕೂಲ. ಪಣದ ಪ್ರಮಾಣ ನಿಯತವಾಗಿರುವ ಲಿಮಿಟ್ ಆಟದಲ್ಲಿ ಎದುರಾಳಿಯು ಬೆಲೆಯನ್ನು ಮನಬಂದಂತೆ ಏರಿಸಲಾರನಾದುದರಿಂದ, ಪಾಟ್‌ನಲ್ಲಿ, ಎಂದರೆ ಗೆದ್ದವನಿಗೆ ಸಲ್ಲುವ ಪಣದ ರಾಶಿಯಲ್ಲಿ, ನಾವು ತೆರಬೇಕಾದುದರ ಐದು ಪಾಲು ಹಣ, ಅಂದರೆ 37:9ರ ಪ್ರಮಾಣಕ್ಕಿಂತ ಹೆಚ್ಚು, ಇದ್ದರೆ, ಪೂರ್ಣಗೊಂಡ ಫ್ಲಷ್ ಗೆಲ್ಲುವುದೆಂಬ ಭರವಸೆಯಿರುವಲ್ಲಿ, ಮುಂದುವರಿಯುವುದು ಯುಕ್ತ. ಎರಡು ಪಾಲು ಮಾತ್ರವಿದ್ದಲ್ಲಿ, ಎಷ್ಟೇ ಆಶೆ ತೋರಿದರೂ, ಕೈಬಿಡುವುದೇ ವಿವೇಕ.