ಬಿಡದಿಯಿಂದ ಹೌಜ್ ಖಾಸ್‌ಗೆ: ನಮ್ಮ ಮನೆ ಹೈಬ್ರಿಡ್ ಕಾರಿನ ಹಿಂದಿರೋ ಇತಿಹಾಸ

ಈ ಸಲದ ಮಾತು ಕಾರಿನ ಬಗ್ಗೆ. ಹಾಗಂತ ಇದು ಕಾರ್ ರಿವ್ಯೂ ಅಲ್ಲ, ಅದಕ್ಕೆ ಬೇರೆ ಚಾನೆಲ್‌ಗಳು ಬೇಕಾದಷ್ಟಿವೆ. ಗುರುಗ್ರಾಮ, ನೋಯ್ಡಾ ಕಡೆಯ ಕನ್ನಡದವರು ಸಿಕ್ಕಾಗೆಲ್ಲ ನನಗೆ ಕೇಳೋ ಪ್ರಶ್ನೆ ಒಂದೇ: "ಹೈಬ್ರಿಡ್ ತಗೊಂಡಿದ್ದೀರಂತೆ, ದುಡ್ಡು ವಾಪಸ್ ಬರತ್ತಾ?" ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಯಾಕಂದ್ರೆ ದಿಲ್ಲಿಯಲ್ಲಿ ಯಾವ ಕಾರು ಲಾಭ, ಯಾವುದು ನಷ್ಟ ಅನ್ನೋದನ್ನ ಎಂಜಿನ್ ಒಂದೇ ತೀರ್ಮಾನ ಮಾಡಲ್ಲ. ನ್ಯಾಯಾಲಯದ ಆದೇಶ, ತೆರಿಗೆಯ ಅಧಿಸೂಚನೆ ಇವೇ ಹೆಚ್ಚು ತೀರ್ಮಾನ ಮಾಡಿವೆ. ಕಳೆದ ಇಪ್ಪತ್ತೈದು ವರ್ಷದಿಂದ ಇದೇ ಕಥೆ. ಆ ಕಥೆಯ ಇನ್ನೊಂದು ತುದಿ ನಮ್ಮ ರಾಮನಗರದ ಪಕ್ಕದ ಬಿಡದಿಯಲ್ಲಿದೆ.

ಹೈಬ್ರಿಡ್ ಅನ್ನೋದು ಹೊಸ ಐಡಿಯಾ ಏನಲ್ಲ. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಪೆಟ್ರೋಲ್ ಎಂಜಿನ್ನಿಂದ ಕರೆಂಟ್ ಮಾಡಿ ಚಕ್ರದೊಳಗಿನ ಮೋಟಾರ್ ತಿರುಗಿಸೋ ಗಾಡಿ ಕಟ್ಟಿದ್ದ. ಆಮೇಲೆ ಪೆಟ್ರೋಲ್ ಅಗ್ಗವಾಯ್ತು, ಎಲ್ಲರೂ ಮರೆತರು. 1997ರ ಡಿಸೆಂಬರ್‌ನಲ್ಲಿ ಟೊಯೋಟಾ ಜಪಾನಿನಲ್ಲಿ ಪ್ರಿಯಸ್ ಮಾರಾಟ ಶುರು ಮಾಡಿದಾಗ ಅದಕ್ಕೆ ಮತ್ತೆ ಜೀವ ಬಂತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದೂ ಅದೇ 1997ರಲ್ಲೇ. ಆದ್ರೆ ಆಗ ಬಿಡದಿಗೆ ಬಂದಿದ್ದು ಪ್ರಿಯಸ್ ಅಲ್ಲ, ಕ್ವಾಲಿಸ್. 2000ದ ಜನವರಿಯಲ್ಲಿ ಬಂದ ಆ ಡೀಸೆಲ್ ಗಾಡಿ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕ್ಯಾಬ್ ಆಗಿ ಎಷ್ಟು ಓಡಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು.

ಅದೇ ಹೊತ್ತಲ್ಲಿ ದಿಲ್ಲಿಯಲ್ಲಿ ಏನಾಗ್ತಿತ್ತು? ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹಾಕಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈನಲ್ಲಿ ದಿಲ್ಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕು ಅಂತ ಹೇಳಿತು. ಗಡುವು 2001ರ ಮಾರ್ಚ್ 31. ಅದು ಮುಗಿಯೋವಷ್ಟರಲ್ಲಿ 2002ರ ಕೊನೆ ಬಂತು. ಮೊದಮೊದಲು ಗ್ಯಾಸ್ ಬಂಕ್ ಮುಂದೆ ಕಿಲೋಮೀಟರ್‌ಗಟ್ಟಲೆ ಆಟೋ ಕ್ಯೂ. ಆದ್ರೂ ಒಂದು ವಿಷಯ ಆವತ್ತೇ ಸಾಬೀತಾಯ್ತು: ಈ ಊರಲ್ಲಿ ವಾಹನ ಯಾವ ಇಂಧನದಲ್ಲಿ ಓಡಬೇಕು ಅನ್ನೋದು ಕಾರ್ಖಾನೆಯವರ ಕೈಯಲ್ಲಿಲ್ಲ, ಕೊಳ್ಳೋರ ಕೈಯಲ್ಲೂ ಇಲ್ಲ.

ಇದರ ನಿಜವಾದ ಬಿಸಿ ಬಿಡದಿಗೆ ತಟ್ಟಿದ್ದು 2015ರ ಡಿಸೆಂಬರ್ 16ರಂದು. 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನ ದಿಲ್ಲಿ ಮತ್ತು ಎನ್‌ಸಿಆರ್‌ನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿಬಿಟ್ಟಿತು. ಇನ್ನೋವಾದ ಡೀಸೆಲ್ ಎಂಜಿನ್ 2.5 ಲೀಟರ್. ಫಾರ್ಚೂನರ್ ಇನ್ನೂ ದೊಡ್ಡದು. ದೇಶದ ದೊಡ್ಡ ಕಾರು ಮಾರುಕಟ್ಟೆಯ ಬಾಗಿಲು ರಾತ್ರೋರಾತ್ರಿ ಮುಚ್ಚಿಹೋಯ್ತು. ಮಹೀಂದ್ರಾದವರು ಏನು ಮಾಡಿದರು ಗೊತ್ತಾ? 2016ರ ಜನವರಿಯಲ್ಲೇ 2.2 ಲೀಟರ್ ಎಂಜಿನ್ನನ್ನ 1.99 ಲೀಟರ್‌ಗೆ ಇಳಿಸಿ ಸ್ಕಾರ್ಪಿಯೋ, ಎಕ್ಸ್‌ಯುವಿ 500 ಮಾರಿದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಷರತ್ತು 2000ಕ್ಕೆ ಸಮ ಅಥವಾ ಹೆಚ್ಚು ಅಂತ ಬರೆದಿತ್ತು, ಅವರು ಅದರ ಕೆಳಗಿನ ಎಡ್ಜ್ ಕೇಸ್ ಪಾಸ್ ಮಾಡಿದರು! ಕೋರ್ಟಿನ ಉದ್ದೇಶ ಹೊಗೆ ಕಮ್ಮಿ ಮಾಡೋದು. ಟೆಸ್ಟ್ ಮಾಡಿದ್ದು ಮಾತ್ರ ಸಿಸಿ. ಈ ಉದಾಹರಣೆಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರತ್ತೆ.

ಟೊಯೋಟಾದವರಿಗೆ ಆ ದಾರಿ ಇರಲಿಲ್ಲ. 2016ರ ಮೇ ತಿಂಗಳಲ್ಲಿ ಹೊಸ ಇನ್ನೋವಾ ಕ್ರಿಸ್ಟಾ ಬಂದಾಗ ಇದ್ದಿದ್ದು 2.4 ಮತ್ತು 2.8 ಲೀಟರ್ ಡೀಸೆಲ್ ಮಾತ್ರ, ಎರಡನ್ನೂ ದಿಲ್ಲಿಯಲ್ಲಿ ನೋಂದಾಯಿಸೋ ಹಾಗಿಲ್ಲ. ಆಗಸ್ಟ್‌ನಲ್ಲಿ 2.7 ಲೀಟರ್ ಪೆಟ್ರೋಲ್ ಕ್ರಿಸ್ಟಾ ತಂದರು. ತಮಾಷೆ ಅಂದ್ರೆ ಅದೇ ತಿಂಗಳು 12ಕ್ಕೆ ಕೋರ್ಟ್ ಒಂದು ಪರ್ಸೆಂಟ್ ಪರಿಸರ ಶುಲ್ಕ ಹಾಕಿ ನಿಷೇಧ ತೆಗೆಯಿತು. ಎಂಟು ತಿಂಗಳ ಆ ಪಾಠವನ್ನ ಬಿಡದಿಯವರು ಮರೆತ ಹಾಗೆ ಕಾಣಲ್ಲ. 2022ರ ನವೆಂಬರ್ 25ರಂದು ತೋರಿಸಿದ ಇನ್ನೋವಾ ಹೈಕ್ರಾಸ್‌ನಲ್ಲಿ ಡೀಸೆಲ್ಲೇ ಇಲ್ಲ, ಪೆಟ್ರೋಲ್ ಮತ್ತು ಹೈಬ್ರಿಡ್ ಅಷ್ಟೆ. ಅದಾಗಿ ನಾಲ್ಕೇ ದಿನಕ್ಕೆ, ನವೆಂಬರ್ 29ಕ್ಕೆ, ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು.

ನಮ್ಮ ಮನೆಗೆ ಬಂದಿದ್ದು ಹೈಕ್ರಾಸ್ ಅಲ್ಲ, ಅದರ ಚಿಕ್ಕ ತಮ್ಮ ಹೈರೈಡರ್. ಅದೂ ಬಿಡದಿಯದ್ದೇ, 2022ರಲ್ಲೇ ಬಂದಿದ್ದು. ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಅದೇ ಕಾರ್ಖಾನೆಯಿಂದ ಶುರುವಾಗಿದ್ದು. ಅಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಕಾರು, ಬ್ಯಾಡ್ಜ್ ಬೇರೆ. ಮೋಟಾರ್ ಮತ್ತು ಗೇರ್ ಸೇರಿರೋ ಭಾಗವನ್ನೂ ಬಿಡದಿಯಲ್ಲೇ ಮಾಡ್ತಾರೆ. ಅದೇ ಬಿಡದಿ 2014 ಮತ್ತು 2020ರಲ್ಲಿ ಕಾರ್ಮಿಕರ ಜಗಳ, ಲಾಕೌಟ್ ಕೂಡ ನೋಡಿದೆ, ಅದನ್ನ ಬಿಟ್ಟು ಕಥೆ ಹೇಳಿದ್ರೆ ಅದು ಜಾಹೀರಾತು ಆಗತ್ತೆ.

ನಮಗೆ ಹೊಸ ಕಾರು ಬೇಕಾಗಿದ್ದಾದ್ರೂ ಯಾಕೆ? ನಮ್ಮ ಮಾವನವರ 2011ರ ಡೀಸೆಲ್ ಇನ್ನೋವಾ ಮನೆಯಲ್ಲಿತ್ತು. ಎಂಜಿನ್ ಗುಂಡುಕಲ್ಲಿನ ಹಾಗಿತ್ತು. ಆದ್ರೆ ಹಸಿರು ನ್ಯಾಯಮಂಡಳಿ 2015ರ ಏಪ್ರಿಲ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿಯಲ್ಲಿ ಓಡಬಾರದು ಅಂದಿತ್ತು. ಪೆಟ್ರೋಲ್‌ಗೆ 15 ವರ್ಷ. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಜಾರಿ ಮಾಡಿ ಅಂದಿತು. ಗಾಡಿ ಎಷ್ಟು ಹೊಗೆ ಬಿಡತ್ತೆ, ಎಷ್ಟು ಓಡಿದೆ ಯಾವುದನ್ನೂ ಆಗ ಕೇಳ್ತಿರಲಿಲ್ಲ, ಹುಟ್ಟಿದ ದಿನ ಮಾತ್ರ ಕೇಳ್ತಿತ್ತು. ಮತ್ತೆ ಅದೇ ಸಮಸ್ಯೆ ನೋಡಿ, ಅಳೆಯಬೇಕಾಗಿದ್ದು ಒಂದು, ಅಳೆದಿದ್ದು ಇನ್ನೊಂದು. ಕೊನೆಗೆ ನಿರಾಕ್ಷೇಪಣಾ ಪತ್ರ ತಗೊಂಡು ಗಾಡಿಯನ್ನ ತುಮಕೂರಿಗೆ ಕಳಿಸಿದ್ವಿ. ಬಿಡದಿಯಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಕಾನೂನಿನ ಪ್ರಕಾರ ಸತ್ತು, ಈಗ ತುಮಕೂರಲ್ಲಿ ಅಡಿಕೆ ತೋಟಕ್ಕೂ ಮದುವೆ ಮನೆಗೂ ಓಡಾಡ್ಕೊಂಡು ಚೆನ್ನಾಗಿದೆ. ಮಾವನವರಿಗೆ ಮಾತ್ರ ಆವತ್ತಿಂದ ಸ್ಟೀರಿಂಗ್ ಹಿಡಿಯೋ ಮನಸ್ಸಿಲ್ಲ. ನಿವೃತ್ತಿ ದುಡ್ಡಲ್ಲಿ ತಗೊಂಡಿದ್ದ ಗಾಡಿ ಅದು.

2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕಲ್ಲಿ ಇಂಧನವನ್ನೇ ಹಾಕಬಾರದು ಅಂತ ಮಾಡಿ, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟ್ ಸದ್ಯಕ್ಕೆ ಬಲವಂತದ ಕ್ರಮ ಬೇಡ ಅಂದಿತು. ತುಮಕೂರಿನ ಗಾಡಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ ಬಿಡಿ.

ಈಗ ತೆರಿಗೆಗೆ ಬರೋಣ. ಭಾರತಕ್ಕೆ ಮೊದಲು ಬಂದ ಹೈಬ್ರಿಡ್‌ಗಳಲ್ಲಿ ಹೋಂಡಾ ಸಿವಿಕ್ ಒಂದು, 2008ರಲ್ಲಿ. ಆಮದು ಸುಂಕ ಸೇರಿ ಬೆಲೆ 21 ಲಕ್ಷ ದಾಟಿತ್ತು, ಯಾರು ತಗೋತಾರೆ? 2010ರಲ್ಲಿ ಬಂದ ಪ್ರಿಯಸ್ ಕಥೆಯೂ ಅದೇ. 2013ರಲ್ಲಿ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯ್ತು. 2015ರ ಏಪ್ರಿಲ್‌ನಲ್ಲಿ ಕೇಂದ್ರದ ಫೇಮ್ ಯೋಜನೆ ಬಂದು ಹೈಬ್ರಿಡ್‌ಗೂ ಸಹಾಯಧನ ಸಿಕ್ಕಿತು. ಅದರ ದೊಡ್ಡ ಲಾಭ ಪಡೆದದ್ದು ಮಾರುತಿಯ ಸಿಯಾಜ್, ಎರ್ಟಿಗಾ ಡೀಸೆಲ್‌ಗಳು. ಅವುಗಳಲ್ಲಿದ್ದಿದ್ದು ದೊಡ್ಡ ಸ್ಟಾರ್ಟರ್ ಮೋಟಾರ್ ಅಂತ ಹೇಳಬಹುದಾದ ಸಣ್ಣ ವ್ಯವಸ್ಥೆ. ಕರೆಂಟಲ್ಲೇ ಒಂದು ಅಡಿ ಕೂಡ ಓಡಲ್ಲ. ಆದ್ರೂ ಕಾಗದದ ಮೇಲೆ ಹೈಬ್ರಿಡ್. 2017ರ ಏಪ್ರಿಲ್‌ನಿಂದ ಅಂಥ ಮೈಲ್ಡ್ ಹೈಬ್ರಿಡ್‌ಗಳನ್ನ ಪಟ್ಟಿಯಿಂದ ತೆಗೆದರು. ಸರಿಯಾಗೇ ಮಾಡಿದ್ರು ಅನ್ನಿ. ಆದ್ರೆ ಮೂರೇ ತಿಂಗಳಲ್ಲಿ ಜಿಎಸ್‌ಟಿ ಬಂದಾಗ ನಿಜವಾದ ಹೈಬ್ರಿಡ್‌ಗೂ 28ರ ಮೇಲೆ 15 ಸೆಸ್, ಒಟ್ಟು 43 ಪರ್ಸೆಂಟ್! ಅದಕ್ಕೆ ಮುಂಚೆ ಸುಮಾರು 30 ಇತ್ತು. ಕ್ಯಾಮ್ರಿ ಬೆಲೆ ಒಂದೇ ದಿನದಲ್ಲಿ ಲಕ್ಷಗಟ್ಟಲೆ ಏರಿತು. ಇವತ್ತಿನ ಎಲೆಕ್ಟ್ರಿಕ್ ಕಾರಿಗೆ 5 ಪರ್ಸೆಂಟ್. ಹೈಬ್ರಿಡ್ ಅರ್ಧ ದಾರಿ ಎಲೆಕ್ಟ್ರಿಕ್ ಆದ್ರೂ ತೆರಿಗೆಯಲ್ಲಿ ಪೂರ್ತಿ ಪೆಟ್ರೋಲ್. 2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ನಾಲ್ಕು ಮೀಟರ್ ದಾಟಿದ ಕಾರುಗಳಿಗೆ 40 ಆಯ್ತು, ಪಕ್ಕದ ಮಾಮೂಲಿ ಪೆಟ್ರೋಲ್ ಕಾರಿಗೂ ಅಷ್ಟೇ.

ರಾಜ್ಯಗಳ ರಸ್ತೆ ತೆರಿಗೆ ಇನ್ನೊಂದು ಪುರಾಣ. 10 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ದಿಲ್ಲಿಯಲ್ಲಿ 10 ಪರ್ಸೆಂಟ್. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ 17, ಮೇಲೆ ಸೆಸ್ ಬೇರೆ. ಅಂದ್ರೆ ಬಿಡದಿಯಲ್ಲಿ ಮಾಡಿದ ಕಾರು ಬಿಡದಿಯವನಿಗಿಂತ ಎರಡು ಸಾವಿರ ಕಿಲೋಮೀಟರ್ ದೂರದ ನನಗೆ ಅಗ್ಗ! ಇನ್ನು 2024ರ ಜುಲೈನಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್‌ಗೆ ರಸ್ತೆ ತೆರಿಗೆಯನ್ನೇ ಮನ್ನಾ ಮಾಡಿದಾಗ ನೋಯ್ಡಾದ ಗೆಳೆಯರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆಗ ಯಮುನೆ ದಾಟಿದ್ರೆ ಒಂದೂಮುಕ್ಕಾಲು ಲಕ್ಷ ಉಳಿತಾಯ ಆಗ್ತಿತ್ತು.

ಸರಿ, ಇಷ್ಟೆಲ್ಲ ಆಗಿ ಕಾರು ದಿನಾ ಹೇಗೆ ಓಡತ್ತೆ? ನಾನು ಎಂಟೆಕ್ ಮಾಡಿದ್ದೂ ಇಲ್ಲೇ ಐಐಟಿಯಲ್ಲಿ, ಈಗಲೂ ಮನೆ ಹೌಜ್ ಖಾಸ್‌ನಲ್ಲೇ, ಆಫೀಸ್ ಗುರುಗ್ರಾಮ. ಬೆಳಿಗ್ಗೆ ಅರಬಿಂದೋ ಮಾರ್ಗದಲ್ಲಿ ಬಂಪರ್‌ಗೆ ಬಂಪರ್. ಹೈಬ್ರಿಡ್‌ಗೆ ಇದೇ ಹಬ್ಬ. ನಿಂತಾಗ ಎಂಜಿನ್ ಆಫ್, ನಿಧಾನಕ್ಕೆ ತೆವಳುವಾಗ ಮೋಟಾರ್, ಬ್ರೇಕ್ ಒತ್ತಿದಾಗ ಚಕ್ರದ ಶಕ್ತಿ ಬ್ಯಾಟರಿಗೆ ವಾಪಸ್. ನಮ್ಮ ಮನೆ ಹತ್ತಿರದ ಕೆರೆಯೂ ಇದೇ ತತ್ವ ಅಲ್ವಾ? 1300ರ ಆಸುಪಾಸಲ್ಲಿ ಅಲಾವುದ್ದೀನ್ ಖಿಲ್ಜಿ ಸಿರಿ ಪಟ್ಟಣಕ್ಕೆ ಅಂತ ತೋಡಿಸಿದ್ದು, ಮಳೆಗಾಲದಲ್ಲಿ ಹರಿದುಹೋಗೋ ನೀರನ್ನ ಹಿಡಿದಿಟ್ಟು ಬೇಸಿಗೆಗೆ ಬಳಸೋಕೆ. ಫಿರೋಜ್ ಷಾ ತುಘಲಕ್ ಕಾಲಕ್ಕೆ ಹೂಳು ತುಂಬಿ ಮತ್ತೆ ತೆಗೆಸಬೇಕಾಯ್ತು.

ಆದ್ರೆ ನಮ್ಮ ಕಾರಿನದ್ದು ಕೆರೆ ಅಲ್ಲ, ಕೊಡ. ಬ್ಯಾಟರಿ 0.76 ಕಿಲೋವ್ಯಾಟ್ ಅವರ್, ಅಂದ್ರೆ ಒಂದು ಯೂನಿಟ್ ಕರೆಂಟೂ ಹಿಡಿಯಲ್ಲ. ಮೇ ತಿಂಗಳ 45 ಡಿಗ್ರಿಯಲ್ಲಿ ಎಸಿ ಹಾಕಿ ನಿಂತರೆ ಕೆಲವೇ ನಿಮಿಷಕ್ಕೆ ಎಂಜಿನ್ ಎದ್ದು ತುಂಬಿಸಬೇಕು. ಜನವರಿ ಚಳಿಯಲ್ಲಿ ಹೀಟರ್‌ಗೆ ಎಂಜಿನ್ ಬಿಸಿ ಬೇಕು, ಆಗಲೂ ಏಳತ್ತೆ. ಹಾಗಾಗಿ ಅಧಿಕೃತ 27.97 ಕಿಲೋಮೀಟರ್ ಮೈಲೇಜ್ ನಾನು ಕಂಡೇ ಇಲ್ಲ. ಫೆಬ್ರವರಿ, ನವೆಂಬರ್‌ನಲ್ಲಿ 23, ಬೇಸಿಗೆಯಲ್ಲಿ 18-19, ವರ್ಷದ ಸರಾಸರಿ 21. ಜೈಪುರದ ಹೆದ್ದಾರಿಯಲ್ಲಿ ನೂರರ ಸ್ಪೀಡಲ್ಲಿ ಹೋದರೆ ಅನುಕೂಲ ಕಮ್ಮಿ.

ಲೆಕ್ಕ ಹೀಗೆ. ವರ್ಷಕ್ಕೆ 10,000 ಕಿಲೋಮೀಟರ್, ಪೆಟ್ರೋಲ್ 95 ರೂಪಾಯಿ ಅಂತ ಇಟ್ಕೊಳ್ಳಿ. ಇದೇ ಗಾತ್ರದ ಆಟೋಮ್ಯಾಟಿಕ್ ಪೆಟ್ರೋಲ್ ಕಾರು ಈ ಟ್ರಾಫಿಕ್ಕಲ್ಲಿ 13 ಕೊಟ್ಟರೆ ಖರ್ಚು 73,000, ನನ್ನದು 45,000. ಉಳಿತಾಯ 28,000. ಕೊಳ್ಳುವಾಗ ಹೆಚ್ಚು ಕೊಟ್ಟಿದ್ದು ಮೂರು ಲಕ್ಷ. ಅಂದ್ರೆ ಹತ್ತು ವರ್ಷ ದಾಟಿದ ಮೇಲೆ ಲಾಭ ಶುರು. 15,000 ಓಡಿಸೋರಿಗೆ ಏಳೇ ವರ್ಷ. ಬ್ಯಾಟರಿಗೆ ವಾರಂಟಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗೋರು ನೀವಾದ್ರೆ ಮಾಮೂಲಿ ಪೆಟ್ರೋಲ್ ಕಾರೇ ಸಾಕು, ಜೊತೆಗೆ ಮೆಟ್ರೋ. ಹೌಜ್ ಖಾಸ್‌ನಿಂದ ಹಳದಿ ಲೈನ್ ನೇರ ಗುರುಗ್ರಾಮಕ್ಕೆ ಹೋಗತ್ತೆ, ನಾನೂ ಮಳೆ ದಿನ ಅದರಲ್ಲೇ ಹೋಗೋದು.

ಎಲೆಕ್ಟ್ರಿಕ್ ಯಾಕೆ ತಗೊಳ್ಳಲಿಲ್ಲ ಅಂತ ಕಳೆದ ವಿಡಿಯೋ ಕೆಳಗೆ ತುಂಬಾ ಜನ ಕೇಳಿದ್ದೀರಿ. ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ, ಕಾರು ನಿಲ್ಲೋದು ಬೀದಿಯಲ್ಲಿ. ಮೇಲಿಂದ ವೈರ್ ಇಳಿಬಿಡೋಕೆ ಓನರ್ ಒಪ್ಪಲ್ಲ. ಹೈಬ್ರಿಡ್‌ಗೆ ಪ್ಲಗ್ಗೇ ಬೇಡ, ಅದೇ ಅದರ ಗುಣ, ಅದೇ ಅದರ ಮಿತಿ.

ಮನೆ ಮಟ್ಟದ ಎರಡು ವಿಷಯ. ಬ್ಯಾಟರಿಗೆ ಗಾಳಿ ಎಳೆಯೋ ಕಿಂಡಿ ಒಳಗಡೆ ಇರತ್ತೆ, ಮಕ್ಕಳ ಬ್ಯಾಗ್, ಕಂಬಳಿ ಅದರ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ದಸರಾಕ್ಕೆ ಊರಿಗೆ ಹೋಗಿ ಮೂರು ವಾರ ಬಿಟ್ಟು ಬರೋರು ಪಕ್ಕದ ಮನೆಯವರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಸಿ, ಯಾಕಂದ್ರೆ ದೊಡ್ಡ ಬ್ಯಾಟರಿಯನ್ನ ಎಬ್ಬಿಸೋದು ಚಿಕ್ಕ 12 ವೋಲ್ಟ್ ಬ್ಯಾಟರಿ, ಅದು ಇಳಿದರೆ ಕಾರು ಅಲುಗಾಡಲ್ಲ. ಹಾಂ, ಡಿಕ್ಕಿ ಚಿಕ್ಕದು. ಊರಿಂದ ಬಂದವರು ಏರ್‌ಪೋರ್ಟಲ್ಲಿ ಎರಡು ದೊಡ್ಡ ಸೂಟ್‌ಕೇಸ್, ಒಂದು ಮೂಟೆ ತೆಂಗಿನಕಾಯಿ ಇಳಿಸಿದ್ರೆ ಒಂದು ಸೂಟ್‌ಕೇಸ್ ಹಿಂದಿನ ಸೀಟಲ್ಲಿ ಮಾವನವರ ತೊಡೆ ಮೇಲೆ. ಆಗ ಅವರು ಪ್ರತಿ ಸಲವೂ ಕೇಳ್ತಾರೆ, ಇನ್ನೋವಾ ಹೇಗಿದೆ, ತುಮಕೂರಿಗೆ ಫೋನ್ ಮಾಡಿದ್ಯಾ ಅಂತ.